ಪೆನ್ನು ಇಂಕು ಕಕ್ಕಿದರೆ ನಿಬ್ಬನ್ನು ಬೈಯುವ ಮೊದಲು

ಕಳೆದ ವರ್ಷ ಜುಲೈಯಲ್ಲಿ ಒಬ್ಬರು ನಿವೃತ್ತ ಮಾಷ್ಟ್ರು ಕುಂದಾಪುರದಿಂದ ಬಸ್ಸು ಹತ್ತಿ ಉಡುಪಿಗೆ, ನಮ್ಮ ಮನೆಗೆ ಬಂದರು. ಹೊರಗೆ ಧೋ ಅಂತ ಮಳೆ. ಕೊಡೆ ಮಡಚಿ ಜಗಲಿಯಲ್ಲಿ ಕೂತವರು ಮೊದಲು ತೋರಿಸಿದ್ದು ಪೆನ್ನಲ್ಲ, ಅಂಗಿಯ ಕಿಸೆ. ಬಿಳಿ ಬಟ್ಟೆಯ ಮೇಲೆ ನಾಣ್ಯದಷ್ಟು ಅಗಲದ ನೀಲಿ ಕಲೆ. "ಇದರ ನಿಬ್ಬು ಒಂದು ಬದಲಾಯಿಸಿ ಕೊಡಿ ಮಾರಾಯ್ರೆ. ಇದು ಮೂರನೇ ನಿಬ್ಬು. ಆದ್ರೂ ಸೋರುವುದು ನಿಲ್ಲುವುದಿಲ್ಲ" ಅಂದರು.

ನಾನು ಮನೆಯ ಹಿಂದಿನ ಕೋಣೆಯಲ್ಲಿ ಸಣ್ಣ ಲೇತ್ ಇಟ್ಟುಕೊಂಡು ಫೌಂಟನ್ ಪೆನ್ನು ಕಡೆಯುತ್ತೇನೆ. ಹೊಸ ಪೆನ್ನು ಮಾಡಿಸಲು ಬರುವವರಿಗಿಂತ, ಎಲ್ಲೋ ಮಾಡಿಸಿದ ಪೆನ್ನು ಹಾಳಾಯಿತು ಅಂತ ಬರುವವರೇ ಜಾಸ್ತಿ. ಹತ್ತರಲ್ಲಿ ಎಂಟು ಜನ ನಿಬ್ಬನ್ನೇ ಬೈಯುತ್ತಾರೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ. ನಿಬ್ಬು ಕಣ್ಣಿಗೆ ಕಾಣುತ್ತದೆ, ಬೇಗ ಬದಲಾಯಿಸಬಹುದು, ಅದಕ್ಕೇ ಇರಬೇಕು. ನಿಜವಾದ ದೋಷ ಎಷ್ಟೋ ಸಲ ಪೆನ್ನಿನ ಮೈಗೆ ಆರಿಸಿದ ವಸ್ತುವಿನಲ್ಲಿ ಇರುತ್ತದೆ. ಅದರಲ್ಲೂ ನಮ್ಮ ಕರಾವಳಿಯಲ್ಲಿ. ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ, ಮಳೆ ಇಲ್ಲದಾಗ ಬೆವರು, ವರ್ಷವಿಡೀ ಉಪ್ಪಿನ ಗಾಳಿ. ಬೆಂಗಳೂರಿನಲ್ಲಿ ಹತ್ತು ವರ್ಷ ಬಾಳುವ ಕ್ಲಿಪ್ಪು ಮಲ್ಪೆಯಲ್ಲಿ ಎರಡು ಮಳೆಗಾಲಕ್ಕೆ ಹಸಿರಾಗುವುದನ್ನು ನಾನು ನೋಡಿದ್ದೇನೆ.

ಹಾಗಾಗಿ ಪೆನ್ನು ತೊಂದರೆ ಕೊಟ್ಟಾಗ ನಾನು ಯಾವ ಕ್ರಮದಲ್ಲಿ ನೋಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಹೊಸ ಪೆನ್ನು ಮಾಡಿಸುವವರಿಗೂ ಇದೇ ಸಾಕು. ಎಲ್ಲಿ ಕೆಡುತ್ತದೆ ಅಂತ ಗೊತ್ತಾದರೆ ಯಾವುದನ್ನು ಆರಿಸಬೇಕು ಅನ್ನುವುದೂ ಗೊತ್ತಾಗುತ್ತದೆ, ಅಲ್ವಾ?

ಮೊದಲು ಕಾಗದ

ಪೆನ್ನನ್ನು ಬಿಚ್ಚಲೇಬೇಡಿ. ಮೊದಲು ಕಾಗದ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಕಾಗದ ಗಾಳಿಗೆ ತೆರೆದಿಟ್ಟ ಹಪ್ಪಳದ ಹಾಗೆ ತಣ್ಣಗೆ ಮೆತ್ತಗಾಗಿರುತ್ತದೆ. ಅದರ ಮೇಲೆ ಎಂಥ ಪೆನ್ನಿನಲ್ಲಿ ಬರೆದರೂ ಗೆರೆಯ ಅಂಚಿನಿಂದ ಬೇರು ಬಿಟ್ಟ ಹಾಗೆ ಇಂಕು ಹರಡುತ್ತದೆ. ಪೆನ್ನು ಜಾಸ್ತಿ ಇಂಕು ಬಿಡುತ್ತಿದೆ ಅಂತ ನಮಗೆ ಅನಿಸುತ್ತದೆ.

ಪರೀಕ್ಷೆ ಸುಲಭ. ಅದೇ ನೋಟ್‌ಬುಕ್ಕಿನ ಒಂದು ಹಾಳೆ ಹರಿದು, ಇಸ್ತ್ರಿಪೆಟ್ಟಿಗೆಯನ್ನು ಕಡಿಮೆ ಬಿಸಿಯಲ್ಲಿಟ್ಟು ಎರಡು ಸಲ ಎಳೆಯಿರಿ. ಹಾಳೆ ಆರಿದ ಕೂಡಲೇ ಅದರ ಮೇಲೆ ಒಂದು ಸಾಲು ಬರೆಯಿರಿ. ಪಕ್ಕದಲ್ಲಿ ಇಸ್ತ್ರಿ ಹಾಕದ ಹಾಳೆಯ ಮೇಲೆ ಅದೇ ಸಾಲು. ಇಸ್ತ್ರಿ ಹಾಕಿದ ಹಾಳೆಯಲ್ಲಿ ಗೆರೆ ಚೊಕ್ಕವಾಗಿ ನಿಂತರೆ ಪೆನ್ನಿಗೆ ಏನೂ ಆಗಿಲ್ಲ. ನೋಟ್‌ಬುಕ್ಕನ್ನು ಮುಚ್ಚಳ ಗಟ್ಟಿ ಇರುವ ಡಬ್ಬಿಯಲ್ಲಿಡಿ, ಅಷ್ಟೇ.

ಆಮೇಲೆ ಇಂಕು. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ. ತಳದಲ್ಲಿ ಲೋಳೆ, ಮೇಲೆ ಪೊರೆ, ಮೂಗಿಗೆ ಮುಗ್ಗಲು ವಾಸನೆ ಇದ್ದರೆ ಬೂಸ್ಟು ಬಂದಿದೆ. ಆ ಬಾಟಲಿ ಚೆಲ್ಲಿ. ಪೆನ್ನಿನಲ್ಲೂ ಅದೇ ಇರುತ್ತದೆ, ಬಿಚ್ಚಿ ಐದಾರು ನೀರಿನಲ್ಲಿ ತೊಳೆಯಿರಿ. ಡ್ರಾಯಿಂಗ್ ಮಾಡುವ ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ಹಾಕಿದವರೂ ಬರುತ್ತಾರೆ. ಅದರಲ್ಲಿ ಅರಗಿನಂಥ ಅಂಟು ಇರುತ್ತದೆ, ಒಣಗಿದರೆ ನೀರಿಗೆ ಕರಗುವುದಿಲ್ಲ. ಹಾಗೆ ಕಟ್ಟಿಕೊಂಡ ಫೀಡನ್ನು, ಅಂದರೆ ನಿಬ್ಬಿನ ಕೆಳಗೆ ಕೂತು ಅದಕ್ಕೆ ಇಂಕು ಹಾಯಿಸುವ ಭಾಗವನ್ನು, ಉಳಿಸುವುದು ತುಂಬಾ ಕಷ್ಟ.

ಸೋರುವುದು ಎಲ್ಲಿಂದ?

ಕೈಯಲ್ಲಿ ಮಾಡಿದ ನಮ್ಮ ದೇಶದ ಪೆನ್ನುಗಳಲ್ಲಿ ಹೆಚ್ಚಿನವು ಪೆನ್ನಿನ ಮೈಗೇ, ಅಂದರೆ ಬ್ಯಾರಲ್ಲಿಗೆ ನೇರವಾಗಿ ಇಂಕು ಸುರಿಯುವಂಥವು. ಡ್ರಾಪರ್‌ನಲ್ಲಿ ಹನಿಹನಿ ಹಾಕಿ ತುಂಬುವುದು. ಎರಡು, ಮೂರು ಮಿ.ಲೀ. ಹಿಡಿಯುತ್ತದೆ. ಕನ್ವರ್ಟರ್, ಅಂದರೆ ಇಂಕು ಎಳೆದುಕೊಳ್ಳುವ ಸಣ್ಣ ಕೊಳವೆ ಒಳಗೆ ಇರುವ ಪೆನ್ನಿಗೆ ಹೆಚ್ಚಾಗಿ ಒಂದು ಮಿ.ಲೀ. ಕೂಡ ಹಿಡಿಯುವುದಿಲ್ಲ. ಬರೆಯುವವರಿಗೆ ಡ್ರಾಪರ್ ಪೆನ್ನು ಸುಖ. ಆದರೆ ಬ್ಯಾರಲ್ಲೇ ಟ್ಯಾಂಕಿಯಾದ ಮೇಲೆ ಅದರ ಗೋಡೆ, ತಿರುಗಿಸಿ ಕೂರಿಸುವ ಥ್ರೆಡ್ಡು, ತಳ ಎಲ್ಲವೂ ನೀರು ನಿಲ್ಲಿಸಬೇಕು. ವಸ್ತುವಿನ ಗುಣ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಮಾಷ್ಟ್ರ ಪೆನ್ನಿಗೆ ಮಾಡಿದ ಪರೀಕ್ಷೆಯನ್ನೇ ಹೇಳುತ್ತೇನೆ. ಪೆನ್ನನ್ನು ತೊಳೆದು, ಒರೆಸಿ, ಇಂಕಿನ ಬದಲು ನೀರಿಗೆ ನಾಲ್ಕು ಹನಿ ಇಂಕು ಬೆರೆಸಿ ತುಂಬಿದೆ. ನಿಬ್ಬು ಕೂರುವ ಕುತ್ತಿಗೆ ಮತ್ತು ಬ್ಯಾರಲ್ ಸೇರುವಲ್ಲಿ ಟಿಶ್ಯೂ ಕಾಗದದ ಒಂದು ಪಟ್ಟಿ ಸುತ್ತಿದೆ. ಬ್ಯಾರಲ್ಲಿನ ತುದಿಗೆ ಇನ್ನೊಂದು ಪಟ್ಟಿ. ಮೊದಲು ನಿಬ್ಬು ಮೇಲೆ ಮಾಡಿ ಲೋಟದಲ್ಲಿ ಒಂದು ರಾತ್ರಿ ನಿಲ್ಲಿಸಿದೆ. ಆಗ ನೀರು ತಳದಲ್ಲಿರುತ್ತದೆ. ತಳದ ಪಟ್ಟಿ ಒದ್ದೆಯಾದರೆ ತಳದ ಬಿರಡೆ ಸಡಿಲ ಅಂತ ಅರ್ಥ. ಕೆಲವರು ಬ್ಯಾರಲ್ಲನ್ನು ಈ ಕಡೆಯಿಂದ ಆ ಕಡೆಗೆ ತೂತು ಕೊರೆದು ಒಂದು ತುದಿಗೆ ಬಿರಡೆ ಅಂಟಿಸುತ್ತಾರೆ, ಆ ಅಂಟು ಬಿಡುತ್ತದೆ. ಮಾಷ್ಟ್ರ ಪೆನ್ನಿನಲ್ಲಿ ತಳ ಒಣಗಿಯೇ ಇತ್ತು.

ಎರಡನೇ ರಾತ್ರಿ ಅಡ್ಡ ಮಲಗಿಸಿದೆ. ಬೆಳಿಗ್ಗೆ ಕುತ್ತಿಗೆಯ ಪಟ್ಟಿ ನೀಲಿಯಾಗಿತ್ತು, ಆದರೆ ಸುತ್ತಲೂ ಅಲ್ಲ. ಒಂದೇ ಕಡೆ, ಉಗುರಿನಷ್ಟು ಜಾಗ. ಗ್ರೀಸು ಸಾಲದೆ ಥ್ರೆಡ್ಡಿನಿಂದ ಸೋರಿದ್ದರೆ ಪಟ್ಟಿ ಸುತ್ತಲೂ ಒದ್ದೆಯಾಗುತ್ತಿತ್ತು. ಒಂದೇ ಕಡೆ ನೀಲಿ ಅಂದರೆ ಬಿರುಕು. ಬ್ಯಾರಲ್ಲನ್ನು ಬಿಚ್ಚಿ ಅದರ ಬಾಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿದಾಗ, ಥ್ರೆಡ್ಡಿನ ಬುಡದಲ್ಲಿ ಕೂದಲೆಳೆಯ ಹಾಗೆ ಒಂದು ಗೆರೆ ಮಿಂಚಿ ಮಾಯವಾಯಿತು. ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್ಕಿನ ಬ್ಯಾರಲ್ಲು. ಥ್ರೆಡ್ಡು ಕತ್ತರಿಸಿದ ಜಾಗದಲ್ಲಿ ಗೋಡೆ ಒಂದು ಮಿ.ಮೀ. ಕೂಡ ಇರಲಿಲ್ಲ. ಸೋರುವುದನ್ನು ತಡೆಯಲು ಯಾರೋ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ದಪ್ಪಕ್ಕೆ ಸುತ್ತಿ ಬಿಗಿ ಮಾಡಿದ್ದರು. ಟೇಪು ಬೆಣೆಯ ಹಾಗೆ ಒಳಗಿನಿಂದ ಒತ್ತಿ ಬಾಯಿ ಸೀಳಿತ್ತು. ಮೂರು ನಿಬ್ಬು ಬದಲಾಯಿಸಿದರೂ ಈ ಗೆರೆ ಮುಚ್ಚುವುದು ಹೇಗೆ?

ಮೂರನೇ ರಾತ್ರಿ ನಿಬ್ಬು ಕೆಳಗೆ ಮಾಡಿ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದಾಗ ನಿಬ್ಬಿನ ಬುಡದಿಂದ, ಅಂದರೆ ಫೀಡು ಕುತ್ತಿಗೆಗೆ ಹೊಕ್ಕುವಲ್ಲಿಂದ ಹನಿ ಬಿದ್ದರೆ, ಫೀಡು ಸಡಿಲ. ಅದೊಂದು ಸಂದರ್ಭದಲ್ಲಿ ಮಾತ್ರ ನಿಬ್ಬಿನ ಕಡೆಗೆ ಬೆರಳು ತೋರಿಸಬಹುದು.

ಅಕ್ರಿಲಿಕ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಬಣ್ಣ ಚೆಂದ, ಬೆಳಕಿಗೆ ಮಾಸುವುದಿಲ್ಲ, ಸಾಮಾನ್ಯ ಇಂಕಿಗೆ ಜಗ್ಗುವುದಿಲ್ಲ. ಆದರೆ ಲೇತಿನಲ್ಲಿ ಮೊಂಡು ಉಳಿ ಹಾಕಿ ಬಿಸಿ ಮಾಡಿ ಕಡೆದರೆ ಅದರೊಳಗೆ ಬಿಗಿತ ಉಳಿದುಬಿಡುತ್ತದೆ. ಹೊರಗೆ ಕಾಣುವುದಿಲ್ಲ. ಅಂಥ ಬ್ಯಾರಲ್ಲಿಗೆ ಸ್ಪಿರಿಟ್ ತಾಗಿದರೆ ಜೇಡರ ಬಲೆಯ ಹಾಗೆ ಸಣ್ಣ ಬಿರುಕು ಹಬ್ಬುತ್ತದೆ. ಕೊರೊನಾ ಸಮಯದಲ್ಲಿ ಕೈಗೆ ಸ್ಯಾನಿಟೈಸರ್ ಹಾಕಿ ಹಾಗೇ ಪೆನ್ನು ಹಿಡಿದವರ ಎಷ್ಟೋ ಅಕ್ರಿಲಿಕ್ ಪೆನ್ನುಗಳು ಹೀಗೇ ಹೋದವು. ಕಡೆದ ಮೇಲೆ ಸುಮಾರು 80 ಡಿಗ್ರಿ ಬಿಸಿಯಲ್ಲಿ ಕೆಲವು ಗಂಟೆ ಇಟ್ಟು, ನಿಧಾನವಾಗಿ ತಣಿಸಿದರೆ ಆ ಬಿಗಿತ ಇಳಿಯುತ್ತದೆ. ಪೆನ್ನು ಮಾಡುವವರ ಹತ್ತಿರ ಇದನ್ನು ಕೇಳಿ. ಮಾಡುವವರಿಗೆ ನೀವು ಏನು ಕೇಳುತ್ತಿದ್ದೀರಿ ಅಂತ ಕೂಡಲೇ ಗೊತ್ತಾಗುತ್ತದೆ. ಎರಕದ ಅಕ್ರಿಲಿಕ್ಕನ್ನೇ ಕೇಳಿ ಪಡೆಯಿರಿ. ಯಂತ್ರದಿಂದ ಒತ್ತಿ ತೆಗೆದ ಅಗ್ಗದ ಸರಳಿನಲ್ಲಿ ಮೊದಲೇ ಬಿಗಿತ ಜಾಸ್ತಿ ಇರುತ್ತದೆ.

ಥ್ರೆಡ್ಡಿಗೆ ಸಿಲಿಕೋನ್ ಗ್ರೀಸನ್ನೇ ಹಚ್ಚಿ. ಸಾಸಿವೆ ಕಾಳಿನಷ್ಟು ಸಾಕು. ನಮ್ಮ ಕಡೆ ಎಲ್ಲದಕ್ಕೂ ತೆಂಗಿನೆಣ್ಣೆ ಹಚ್ಚುವ ಅಭ್ಯಾಸ. ಪೆನ್ನಿಗೆ ಮಾತ್ರ ಬೇಡ. ಎಣ್ಣೆ ನಿಧಾನವಾಗಿ ಫೀಡಿಗೆ ಇಳಿದರೆ ಇಂಕು ಅಲ್ಲಿ ಅಂಟುವುದೇ ಇಲ್ಲ, ಪೆನ್ನು ಬರೆಯುವುದನ್ನೇ ಬಿಡುತ್ತದೆ. ವ್ಯಾಸಲೀನ್ ಕೂಡ ಬೇಡ, ಸೋರದ ಹಾಗೆ ಹಾಕುವ ರಬ್ಬರಿನ ಬಳೆಯನ್ನು (ಓ-ರಿಂಗ್) ಉಬ್ಬಿಸಿ ಹಾಳು ಮಾಡುತ್ತದೆ.

ಇಟ್ಟಾಗ ಸರಿ, ಬರೆಯುವಾಗ ಮಾತ್ರ ಹನಿ

ಮೂರು ರಾತ್ರಿಯ ಪರೀಕ್ಷೆಯಲ್ಲಿ ಪೆನ್ನು ಪಾಸಾಯಿತು. ಆದರೂ ಬರೆಯುವಾಗ ಟಪ್ ಅಂತ ಒಂದು ಹನಿ ಬೀಳುತ್ತದೆ. ಅದೂ ಇಂಕು ಅರ್ಧಕ್ಕಿಂತ ಕಡಿಮೆಯಾದಾಗ. ಇದು ಬಿರುಕಿನ ಕೆಲಸವಲ್ಲ, ಗಾಳಿಯ ಕೆಲಸ.

ಲೆಕ್ಕ ಹಾಕಿ ನೋಡಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 300ರಲ್ಲಿ ಒಂದು ಭಾಗ ಹಿಗ್ಗುತ್ತದೆ. ಬ್ಯಾರಲ್ಲಿನಲ್ಲಿ 2 ಮಿ.ಲೀ. ಗಾಳಿ ಇದೆ, ನಿಮ್ಮ ಕೈಯ ಬಿಸಿಗೆ ಅದು 28ರಿಂದ 34 ಡಿಗ್ರಿಗೆ ಏರಿತು ಅಂತಿಟ್ಟುಕೊಳ್ಳಿ. 0.04 ಮಿ.ಲೀ. ಹಿಗ್ಗುತ್ತದೆ. ಇಂಕಿನಿಂದ ಏಳುವ ಆವಿಯೂ ಸ್ವಲ್ಪ ಒತ್ತಡ ಸೇರಿಸುತ್ತದೆ. ಎಲ್ಲ ಸೇರಿ ಹೆಚ್ಚುಕಡಿಮೆ ಒಂದು ಹನಿ. ಅಷ್ಟು ಇಂಕು ಎಲ್ಲಿಗಾದರೂ ಹೋಗಲೇಬೇಕಲ್ಲ? ಫೀಡಿನ ಗೀರುಗಳಲ್ಲಿ ಹಿಡಿದಷ್ಟು ಹಿಡಿದು, ಮಿಕ್ಕಿದ್ದು ಕಾಗದಕ್ಕೆ ಬೀಳುತ್ತದೆ.

ಎಬೊನೈಟ್, ಅಂದರೆ ಗಂಧಕ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ ರಬ್ಬರಿನ ಪೆನ್ನು ಹೀಗೆ ಹನಿಸುವುದು ಕಡಿಮೆ ಅಂತ ಹಿರಿಯರು ಹೇಳುತ್ತಾರೆ. ಮಾತು ನಿಜ. ಆದರೆ ಕಾರಣವನ್ನು ಸ್ವಲ್ಪ ಸರಿಯಾಗಿ ತಿಳಿದುಕೊಳ್ಳಬೇಕು. ಎಬೊನೈಟೂ ಬಿಸಿಯನ್ನು ಬೇಗ ಬಿಡುವುದಿಲ್ಲ, ಅಕ್ರಿಲಿಕ್ಕೂ ಬಿಡುವುದಿಲ್ಲ. ಎರಡಕ್ಕೂ ದೊಡ್ಡ ವ್ಯತ್ಯಾಸವೇ ಇಲ್ಲ. ವ್ಯತ್ಯಾಸ ಇರುವುದು ಗೋಡೆಯ ದಪ್ಪದಲ್ಲಿ. ಹಳೇ ರೀತಿಯ ಎಬೊನೈಟ್ ಪೆನ್ನಿಗೆ ಎರಡು ಮಿ.ಮೀ. ಅಥವಾ ಅದಕ್ಕಿಂತ ದಪ್ಪ ಗೋಡೆ ಬಿಡುತ್ತಿದ್ದರು. ಈಗ ಜಾಸ್ತಿ ಇಂಕು ಹಿಡಿಯಲಿ ಅಂತ ಅಕ್ರಿಲಿಕ್ಕನ್ನು ತೆಳ್ಳಗೆ ಕೊರೆಯುತ್ತಾರೆ. ಆದ್ದರಿಂದ ವಸ್ತುವಿನ ಹೆಸರು ಕೇಳಿ ಸುಮ್ಮನಾಗಬೇಡಿ. ಗೋಡೆ ಎಷ್ಟು ದಪ್ಪ ಅಂತಲೂ ಕೇಳಿ. ಹಿತ್ತಾಳೆ ಬ್ಯಾರಲ್ಲಿನ ಮಾತೇ ಬೇರೆ. ಅದು ಪ್ಲಾಸ್ಟಿಕ್‌ಗಿಂತ ನೂರಾರು ಪಟ್ಟು ವೇಗವಾಗಿ ಬಿಸಿ ದಾಟಿಸುತ್ತದೆ, ಜೊತೆಗೆ ಇಂಕು ಹಿತ್ತಾಳೆಯನ್ನು ತಿನ್ನುತ್ತದೆ. ಲೋಹದ ಬ್ಯಾರಲ್ಲಿಗೆ ನೇರ ಇಂಕು ತುಂಬಬೇಡಿ, ಕನ್ವರ್ಟರ್ ಹಾಕಿಸಿ.

ಘಾಟಿ ಹತ್ತುವವರಿಗೆ ಒಂದು ಮಾತು. ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಗೆ ಹೋದರೆ ನೀವು 600 ಮೀಟರ್‌ಗಿಂತ ಜಾಸ್ತಿ ಮೇಲೆ ಹೋಗಿರುತ್ತೀರಿ. ಗಾಳಿಯ ಒತ್ತಡ ಸುಮಾರು ಶೇ. 7ರಷ್ಟು ಇಳಿಯುತ್ತದೆ. 2 ಮಿ.ಲೀ. ಗಾಳಿ ಇರುವ ಪೆನ್ನನ್ನು ಬ್ಯಾಗಿನಲ್ಲಿ ಅಡ್ಡ ಇಟ್ಟಿದ್ದರೆ ಎರಡು, ಮೂರು ಹನಿ ಇಂಕು ಕ್ಯಾಪಿನೊಳಗೆ ಬಂದಿರುತ್ತದೆ. ಎಂಥ ಒಳ್ಳೆಯ ಪೆನ್ನಿಗೂ ಹೀಗಾಗುತ್ತದೆ. ಹತ್ತುವ ಮೊದಲು ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ನಿಬ್ಬು ಮೇಲಿರುವ ಹಾಗೆ ಕಿಸೆಗೆ ಸಿಕ್ಕಿಸಿ.

ತಡೆತಡೆದು ಬರೆಯುವ ಪೆನ್ನು

ನಾಲ್ಕು ಅಕ್ಷರ ಬರೆದು ಐದನೆಯದಕ್ಕೆ ಇಂಕು ಬರುವುದಿಲ್ಲ. ಆಗ ಎಲ್ಲರೂ ನಿಬ್ಬನ್ನು ಒತ್ತಿ ಬರೆಯುತ್ತಾರೆ, ಆಮೇಲೆ ನಿಬ್ಬಿನ ಎರಡು ಕಾಲುಗಳು ಬಾಯಿ ಬಿಟ್ಟುಕೊಳ್ಳುತ್ತವೆ. ಒತ್ತಬೇಡಿ. ನಿಬ್ಬನ್ನು ಮಗ್ಗುಲಾಗಿ ಕಿಟಕಿಯ ಕಡೆ ಹಿಡಿದು, ನಿಬ್ಬು ಮತ್ತು ಅದರ ಕೆಳಗಿನ ಫೀಡಿನ ನಡುವೆ ನೋಡಿ. ಬೆಳಕು ಕಂಡರೆ ದೋಷ ಸಿಕ್ಕಿತು. ಅವೆರಡೂ ಒಂದಕ್ಕೊಂದು ತಾಗಿಕೊಂಡಿರಬೇಕು, ಸಂದಿಯಲ್ಲಿ ಗಾಳಿ ಹೊಕ್ಕರೆ ಇಂಕಿನ ಎಳೆ ತುಂಡಾಗುತ್ತದೆ.

ಇಲ್ಲಿ ಫೀಡು ಯಾವುದರದ್ದು ಅನ್ನುವುದು ಮುಖ್ಯ. ಎಬೊನೈಟ್ ಫೀಡಾದರೆ ಅದನ್ನು ಬಗ್ಗಿಸಿ ಕೂರಿಸಬಹುದು. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ, ಎರಡು ನಿಮಿಷ ಬಿಟ್ಟು, ನಿಬ್ಬು ಮತ್ತು ಫೀಡಿನ ಭಾಗವನ್ನಷ್ಟೇ ಅರ್ಧ ನಿಮಿಷ ಅದ್ದಿ. ಹೊರಗೆ ತೆಗೆದು ಹೆಬ್ಬೆರಳಿನಿಂದ ಫೀಡನ್ನು ನಿಬ್ಬಿಗೆ ಒತ್ತಿ ಹಿಡಿದು, ತಣ್ಣೀರಿಗೆ ಅದ್ದಿ. ಮೇಣದ ಹಾಗೆ ಸ್ವಲ್ಪ ಬಗ್ಗಿ ಅಲ್ಲೇ ಗಟ್ಟಿಯಾಗುತ್ತದೆ. ಒಂದೇ ಸಲಕ್ಕೆ ಆಗದಿದ್ದರೆ ಇನ್ನೊಮ್ಮೆ. ಬ್ಯಾರಲ್ಲನ್ನು ಮಾತ್ರ ಬಿಸಿನೀರಿಗೆ ಹಾಕಬೇಡಿ. ಹಾಕಿದರೆ ಕಪ್ಪು ಎಬೊನೈಟ್ ಕಣ್ಣೆದುರೇ ಕಂದು ಹಸಿರಾಗುತ್ತದೆ. ಈ ಕೆಲಸ ಕಲಿಯುವ ಕಾಲದಲ್ಲಿ ನಾನೇ ಒಬ್ಬರ ತಂದೆಯ ಕಾಲದ ಪೆನ್ನನ್ನು ಹಾಗೆ ಮಾಡಿಬಿಟ್ಟೆ. ಮತ್ತೆ ಪಾಲಿಶ್ ಮಾಡಿ ಕೊಟ್ಟೆ, ಆದರೆ ಮೊದಲಿನ ಕಪ್ಪು ಬರಲಿಲ್ಲ. ಇವತ್ತಿಗೂ ಅದು ಮನಸ್ಸಿನಲ್ಲಿದೆ.

ಪ್ಲಾಸ್ಟಿಕ್ ಫೀಡಿಗೆ ಈ ಬಿಸಿನೀರಿನ ಉಪಾಯ ನಡೆಯುವುದಿಲ್ಲ. ಅದರ ತೊಂದರೆಯೂ ಬೇರೆ. ಹೊಸ ಫೀಡಿನ ಮೇಲೆ ಅಚ್ಚಿನ ಜಿಡ್ಡು ಉಳಿದಿರುತ್ತದೆ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿ ತೊಳೆದರೆ ಅರ್ಧಕ್ಕರ್ಧ ಪೆನ್ನುಗಳು ಸರಿಯಾಗುತ್ತವೆ. ಎಬೊನೈಟ್ ಫೀಡೇ ಯಾವಾಗಲೂ ಮೇಲು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದು ಇಂಕನ್ನು ಚೆನ್ನಾಗಿ ಹೀರಿ ಧಾರಾಳವಾಗಿ ಕೊಡುತ್ತದೆ. ಆದರೆ ಕೈಯಲ್ಲಿ ಕತ್ತರಿಸಿದ ಎಷ್ಟೋ ಎಬೊನೈಟ್ ಫೀಡುಗಳಿಗೆ ಗೀರು ಕಡಿಮೆ, ಹೆಚ್ಚುವರಿ ಹನಿಯನ್ನು ಹಿಡಿದುಕೊಳ್ಳಲು ಜಾಗ ಇರುವುದಿಲ್ಲ. ಜರ್ಮನಿಯ ಯೋವೋ, ಬಾಕ್ ಕಂಪನಿಗಳ ನಿಬ್ಬಿನ ಜೊತೆ ಬರುವ ಪ್ಲಾಸ್ಟಿಕ್ ಫೀಡುಗಳಿಗೆ ಸಣ್ಣ ಸಣ್ಣ ರೆಕ್ಕೆಗಳು ತುಂಬಾ ಇರುತ್ತವೆ. ಡ್ರಾಪರ್ ಪೆನ್ನಿಗೆ ಅದು ಲಾಭ. ದಪ್ಪ ನಿಬ್ಬು, ಬೇಗ ಬೇಗ ಬರೆಯುವ ಕೈ ಆದರೆ ಎಬೊನೈಟ್ ಫೀಡು. ಸಣ್ಣ ಅಕ್ಷರ, ದಿನವಿಡೀ ಕಿಸೆಯಲ್ಲೇ ಪೆನ್ನು ಆದರೆ ಪ್ಲಾಸ್ಟಿಕ್ ಫೀಡು ಅನ್ನುತ್ತೇನೆ.

ನಿಬ್ಬಿನ ಬಗ್ಗೆ ಹೇಳುವುದು ಸ್ವಲ್ಪವೇ. ಚಿನ್ನದ ನಿಬ್ಬು ನುಣುಪಾಗಿ ಬರೆಯುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕಾಗದಕ್ಕೆ ತಾಗುವುದು ಚಿನ್ನವಲ್ಲ, ತುದಿಗೆ ಬೆಸೆದ ಗಟ್ಟಿ ಲೋಹದ ಕಾಳು. ಸ್ಟೀಲ್ ನಿಬ್ಬಿಗೂ ಅದೇ ಕಾಳು ಇರುತ್ತದೆ. 14 ಕ್ಯಾರೆಟ್ ಚಿನ್ನದ ನಿಬ್ಬು ತುಕ್ಕು ಹಿಡಿಯುವುದಿಲ್ಲ, ಆ ಲಾಭ ಮಾತ್ರ ನಿಜ. ತೊಳೆದು ಇಟ್ಟುಕೊಳ್ಳುವವರಿಗೆ ಒಳ್ಳೆಯ ಸ್ಟೀಲ್ ನಿಬ್ಬು ಧಾರಾಳ ಸಾಕು.

ಬೆಳಿಗ್ಗೆ ಒಣಗಿರುತ್ತದೆ

ಮಳೆಗಾಲದಲ್ಲಿ ಈ ದೂರು ಬರುವುದೇ ಇಲ್ಲ. ಬರುವುದು ಎಸಿ ಆಫೀಸಿನವರಿಂದ. ಕ್ಯಾಪು ತೊಳೆದು ಒರೆಸಿ, ಅದರ ಬಾಯಿಯನ್ನು ತುಟಿಗೆ ಒತ್ತಿ ಗಾಳಿ ಎಳೆದುಕೊಳ್ಳಿ. ತುಟಿಗೆ ಕಚ್ಚಿಕೊಂಡು ನಿಂತರೆ ಕ್ಯಾಪು ಸರಿ ಇದೆ. ಬುಸ್ ಅಂತ ಗಾಳಿ ಬಂದರೆ ಕ್ಲಿಪ್ಪು ಸಿಕ್ಕಿಸಲು ಕೊರೆದ ಸೀಳು ಒಳಗಿನವರೆಗೂ ಹೋಗಿದೆ. ಕ್ಯಾಪಿನೊಳಗೆ ಒಂದು ತೆಳು ಒಳಕವಚ ಕೂರಿಸಿದರೆ ಮುಗಿಯಿತು.

ಹಸಿರು ಬಣ್ಣ, ಕಂದು ಬಣ್ಣ

ಇದು ಪೂರ್ತಿ ನಮ್ಮ ಊರಿನ ರೋಗ. ಕ್ಲಿಪ್ಪಿನ ಬುಡದಲ್ಲಿ, ಉಂಗುರದ ಕೆಳಗೆ ಹಸಿರು ಪುಡಿ ಬರುತ್ತದೆ. ಮೇಲೆ ಚಿನ್ನದ ನೀರು ಕೊಟ್ಟ ಹಿತ್ತಾಳೆ ಅದು. ಆ ಲೇಪ ತುಂಬಾ ತೆಳು. ಎಲ್ಲೋ ಸೂಜಿಮೊನೆಯಷ್ಟು ಜಾಗದಲ್ಲಿ ಸವೆದರೆ ಉಪ್ಪು ಮತ್ತು ತೇವ ಒಳಗೆ ಹೊಕ್ಕು ಹಿತ್ತಾಳೆಯನ್ನು ತಿನ್ನಲು ಶುರು ಮಾಡುತ್ತವೆ. ಎಬೊನೈಟ್ ಪೆನ್ನಿನಲ್ಲಿ ಇದು ಇನ್ನೂ ಬೇಗ. ಎಬೊನೈಟಿನಲ್ಲಿ ಗಂಧಕ ಇದೆಯಲ್ಲ, ಅದು ಬೆಳಕು ಮತ್ತು ತೇವಕ್ಕೆ ಸಿಕ್ಕಿ ಮೇಲ್ಮೈಯಲ್ಲಿ ಸ್ವಲ್ಪ ಸ್ವಲ್ಪವೇ ಗಂಧಕಾಮ್ಲವಾಗುತ್ತದೆ. ಅದು ಲೋಹಕ್ಕೆ ತಾಗುತ್ತದೆ. ಬೆಳ್ಳಿಯ ಉಂಗುರ ಹಾಕಿಸಿದರೆ ಅದು ಕಪ್ಪಾಗುವುದೂ ಗಂಧಕದಿಂದಲೇ.

ಸ್ಟೇನ್‌ಲೆಸ್ ಸ್ಟೀಲಿನ ಕ್ಲಿಪ್ಪು ಹಾಕಿಸಿ. ಅದರಲ್ಲೂ 304 ಮತ್ತು 316 ಅಂತ ಎರಡು ಬಗೆ ಉಂಟು. 316ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಮ್ ಇರುತ್ತದೆ, ಉಪ್ಪಿಗೆ ಅದು ಹೆಚ್ಚು ತಡೆಯುತ್ತದೆ. ಕಡಲಿನ ಕೆಲಸಕ್ಕೆ ಅದನ್ನೇ ಬಳಸುವುದು. ಕ್ಲಿಪ್ಪಿಗೆ ಬೇಕಾದದ್ದು ಒಂದು ತುಂಡು ಪಟ್ಟಿ, ಬೆಲೆಯ ವ್ಯತ್ಯಾಸ ಕೈಗೆ ಹತ್ತುವುದಿಲ್ಲ. ಅಯಸ್ಕಾಂತ ಗಟ್ಟಿಯಾಗಿ ಎಳೆದರೆ ಅದು ಇವೆರಡೂ ಅಲ್ಲ. ಕ್ಲಿಪ್ಪೇ ಇಲ್ಲದ ಪೆನ್ನು ಇನ್ನೂ ಒಳ್ಳೆಯದು, ಕೆಡಲು ಲೋಹವೇ ಇಲ್ಲ.

ಇನ್ನು ಕಂದು. ಕಪ್ಪು ಎಬೊನೈಟ್ ಮಾಸುವುದು ಬೆಳಕಿಗೆ, ಅದರ ಮೇಲೆ ತೇವ ಸೇರಿದರೆ ಬೇಗ. ತಿಂಗಳುಗಟ್ಟಲೆ ಕಿಟಕಿಯ ಹತ್ತಿರದ ಪೆನ್‌ಸ್ಟ್ಯಾಂಡಿನಲ್ಲಿ ಇಟ್ಟ ಪೆನ್ನನ್ನು ಸ್ವಲ್ಪ ತಿರುಗಿಸಿ ನೋಡಿ, ಬೆಳಕಿನ ಕಡೆಯ ಮೈ ಬೇರೆ ಬಣ್ಣ. ಇದು ವಸ್ತುವಿನ ಸ್ವಭಾವ, ಮೋಸ ಅಲ್ಲ. ಬಟ್ಟೆಯ ಚೀಲದಲ್ಲಿಟ್ಟು ಕಪಾಟಿನೊಳಗೆ ಇಟ್ಟರೆ ಎಷ್ಟೋ ವರ್ಷ ಕಪ್ಪಾಗಿಯೇ ಇರುತ್ತದೆ. ಆದರೆ ಒಂದೇ ಮಳೆಗಾಲಕ್ಕೆ ಮಾಸಿದರೆ ಆ ಸರಳು ಸರಿ ಬೇಯದ್ದು ಅಂತ ನನ್ನ ಅನುಮಾನ.

ಎರಡು ಭಾಗ ಸೇರುವಲ್ಲಿ ಅಂಟು ಹಾಕಿದ ಕಡೆ ಬಿಳಿ ಬೂದಿಯ ಹಾಗೆ ಕಂಡರೆ ಅದು ಬೂಸ್ಟಲ್ಲ, ತಟ್ಟನೆ ಅಂಟುವ ಸೂಪರ್ ಗ್ಲೂವಿನ ಆವಿ. ಪೆನ್ನಿಗೆ ಅರಗು ಸಾಕು. ಬೇಕಾದಾಗ ಸ್ವಲ್ಪ ಬಿಸಿ ಮಾಡಿ ಬಿಚ್ಚಬಹುದು.

ಮರ, ಸೆಲ್ಯುಲಾಯ್ಡ್

ಹಲಸು, ಹೆಬ್ಬಲಸಿನ ಪೆನ್ನು ಕೇಳುವವರು ಇದ್ದಾರೆ. ಕೈಯಲ್ಲಿ ಹಿಡಿದರೆ ಅದರಷ್ಟು ಹಿತ ಬೇರೆ ಯಾವುದೂ ಇಲ್ಲ. ಆದರೆ ಉದ್ದಕ್ಕೆ ಸೀಳು ಬಂದಿದೆ ಅಂತ ಅವರೇ ವಾಪಸು ಬರುತ್ತಾರೆ. ಗಾಳಿಯ ತೇವ ಶೇ. 85 ದಾಟಿದಾಗ ಮರದೊಳಗಿನ ನೀರು ಶೇ. 18ರ ಹತ್ತಿರ ಹೋಗುತ್ತದೆ, ಎಸಿ ಕೋಣೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ಮರ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ, ಒಳಗಿನ ಹಿತ್ತಾಳೆ ಕೊಳವೆ ಹಾಗೆ ಮಾಡುವುದಿಲ್ಲ. ಸೀಳದೆ ಏನು ಮಾಡುತ್ತದೆ? ಮರವೇ ಬೇಕು ಅಂದರೆ ಚೆನ್ನಾಗಿ ಒಣಗಿದ ಹಳೇ ಮರ, ಎರಡೂ ತುದಿಗೆ ಎಬೊನೈಟ್, ಒಳಗೆ ಕನ್ವರ್ಟರ್ ಇರಲಿ. ಮರದ ಬ್ಯಾರಲ್ಲಿಗೆ ನೇರ ಇಂಕು ಬೇಡವೇ ಬೇಡ.

ಸೆಲ್ಯುಲಾಯ್ಡ್ ಹಳೇ ಕಾಲದ ಬಣ್ಣದ ಪೆನ್ನುಗಳ ವಸ್ತು. ಉಜ್ಜಿದರೆ ಕರ್ಪೂರದ ವಾಸನೆ ಬರುತ್ತದೆ, ಯಾಕೆಂದರೆ ಅದರಲ್ಲಿ ಕರ್ಪೂರವೇ ಇದೆ. ಬೆಂಕಿಯೂ ಕರ್ಪೂರದಂತೆಯೇ ಹಿಡಿಯುತ್ತದೆ. ಸುಟ್ಟು ನೋಡುವ ಪರೀಕ್ಷೆ ಯಾರೂ ಮಾಡಬೇಡಿ. ಹಾಲಿನ ಕೇಸೀನ್‌ನಿಂದ ಮಾಡಿದ ಸರಳುಗಳೂ ಸಿಗುತ್ತವೆ, ನೋಡಲು ಬಲು ಚೆಂದ. ಅದು ನೀರು ಕುಡಿದು ಉಬ್ಬುತ್ತದೆ. ನಮ್ಮ ಊರಿಗೆ ಆಗುವುದಿಲ್ಲ.

ಸರಳು ಆರಿಸುವಾಗ

ಡ್ರಾಪರ್ ಪೆನ್ನಿಗೆ ನನ್ನ ಆಯ್ಕೆ ಎಬೊನೈಟೇ. ಅದು ಬೇರೇನಲ್ಲ, ನಮ್ಮ ಸುಳ್ಯ, ಬೆಳ್ತಂಗಡಿ ಕಡೆಯ ತೋಟಗಳಲ್ಲಿ ಚಿಪ್ಪಿಗೆ ಇಳಿಯುವ ಅದೇ ರಬ್ಬರ್ ಹಾಲು. ಟಯರಿಗೆ ಗಂಧಕ ಸ್ವಲ್ಪವೇ ಹಾಕುತ್ತಾರೆ, ಎಬೊನೈಟಿಗೆ ರಬ್ಬರಿನ ಮೂರನೇ ಒಂದು ಭಾಗದಷ್ಟು ಗಂಧಕ ಸೇರಿಸಿ ಗಂಟೆಗಟ್ಟಲೆ ಬೇಯಿಸುತ್ತಾರೆ. 1851ರಲ್ಲಿ ಅಮೆರಿಕದಲ್ಲಿ ನೆಲ್ಸನ್ ಗುಡ್‌ಇಯರ್ ಇದಕ್ಕೆ ಪೇಟೆಂಟ್ ಪಡೆದರು. ನಮ್ಮ ದೇಶದಲ್ಲಿ ರಾಜಮಂಡ್ರಿಯ ಕಡೆ 1930ರ ದಶಕದಿಂದ ಇದರಲ್ಲೇ ಕೈಪೆನ್ನು ಮಾಡುತ್ತಾ ಬಂದಿದ್ದಾರೆ. ಥ್ರೆಡ್ಡು ಇದರಲ್ಲಿ ನಿಲ್ಲುವಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ನಿಲ್ಲುವುದಿಲ್ಲ. ಅಕ್ರಿಲಿಕ್ ಚಕ್ಕೆ ಏಳುತ್ತದೆ, ಎಬೊನೈಟ್ ಏಳುವುದಿಲ್ಲ.

ಒಳ್ಳೆಯ ಸರಳನ್ನು ಗುರುತಿಸುವುದು ಹೇಗೆ? ಹೆಬ್ಬೆರಳಿನಿಂದ ಒಂದೇ ಜಾಗವನ್ನು ಬಿಸಿಯಾಗುವವರೆಗೆ ಉಜ್ಜಿ ಮೂಸಿ ನೋಡಿ. ಮತಾಪಿನ ಹಾಗೆ ಗಂಧಕದ ವಾಸನೆ ಬಂದರೆ ಎಬೊನೈಟ್. ಬರದಿದ್ದರೆ ಕಪ್ಪು ಪ್ಲಾಸ್ಟಿಕ್ ಇರಬಹುದು. ಲೇತಿಗೆ ಹಾಕಿ ಹರಿತದ ಉಳಿ ಕೊಟ್ಟಾಗ ಸೇವಂತಿಗೆ ಎಸಳಿನ ಹಾಗೆ ಸುರುಳಿ ಸುರುಳಿಯಾಗಿ ಉದ್ದಕ್ಕೆ ಬಿಚ್ಚಿಕೊಳ್ಳಬೇಕು. ಬರೀ ಪುಡಿ ಉದುರಿದರೆ ಅದರಲ್ಲಿ ಬೇರೆ ಏನೋ ಪುಡಿ ತುಂಬಿಸಿದ್ದಾರೆ ಅಂತ ನಾನು ಆ ಸರಳನ್ನು ಬದಿಗಿಡುತ್ತೇನೆ. ಕೊರೆದ ಮೇಲೆ ಒಳಗೆ ಟಾರ್ಚ್ ಬಿಟ್ಟು ನೋಡಿ. ಗುಂಡುಸೂಜಿಯ ತಲೆಯಷ್ಟು ಗುಳ್ಳೆ ಕಂಡರೂ ಅದು ಡ್ರಾಪರ್ ಪೆನ್ನಿಗೆ ಬೇಡ, ಕ್ಯಾಪಿಗೆ ಬಳಸಬಹುದು.

ಮಾಷ್ಟ್ರಿಗೆ ಎಬೊನೈಟಿನಲ್ಲೇ ಹೊಸ ಬ್ಯಾರಲ್ಲು ಕಡೆದು ಕೊಟ್ಟೆ. ಗೋಡೆ ಎರಡೂಕಾಲು ಮಿ.ಮೀ., ಹತ್ತು ಸುತ್ತು ಥ್ರೆಡ್ಡು. ನಿಬ್ಬು ಅವರದ್ದೇ ಹಳೆಯದು. ಆ ಮಳೆಗಾಲ ಮುಗಿಯುವವರೆಗೂ ಸೋರಲಿಲ್ಲ. ದೀಪಾವಳಿಗೆ ಮಗಳ ಮನೆಗೆ ತೀರ್ಥಹಳ್ಳಿಗೆ ಹೋದವರು ಅಲ್ಲಿಂದ ಫೋನ್ ಮಾಡಿದರು. "ಕ್ಯಾಪಿನೊಳಗೆ ಒಂದು ಹನಿ ಉಂಟಲ್ಲ?" ಅಂತ. "ಅರ್ಧ ತುಂಬಿಸಿ ಘಾಟಿ ಹತ್ತಿದ್ದೀರಾ ಮಾಷ್ಟ್ರೇ?" ಅಂತ ಕೇಳಿದೆ. ಹೌದಂತೆ.

ಈಗ ಅವರಿಗೆ ಮೊಮ್ಮಗಳಿಗೊಂದು ಪೆನ್ನು ಬೇಕು, ಕೆಂಪು ಬಣ್ಣದ್ದು. ಮೂರು ಕಡೆಯಿಂದ ಕೆಂಪು ಎಬೊನೈಟಿನ ತುಂಡು ತರಿಸಿದ್ದೇನೆ. ಪ್ರತಿ ತುಂಡಿನ ಅರ್ಧಕ್ಕೆ ಕಪ್ಪು ಟೇಪು ಸುತ್ತಿ, ಪಶ್ಚಿಮದ ಕಿಟಕಿಯ ದಂಡೆಯ ಮೇಲೆ, ಬಿಸಿಲೂ ಎರಚಲೂ ತಾಗುವಲ್ಲಿ ಸಾಲಾಗಿ ಇಟ್ಟಿದ್ದೇನೆ. ಮಳೆ ನಿಂತ ಮೇಲೆ ಟೇಪು ಬಿಚ್ಚಿ ನೋಡಬೇಕು. ಟೇಪಿನ ಗೆರೆ ಯಾವುದರಲ್ಲಿ ಕಾಣುವುದಿಲ್ಲವೋ ಆ ಸರಳು ಲೇತಿಗೆ.